ಬಕೆಟ್ ಎಲ್ಲಿ ಹೋಯ್ತು?

ಕಳೆದ ತಿಂಗಳು ಆಡಿಟ್ ಕೆಲಸಕ್ಕೆ ಒಂದು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದೆ. ಊರ ಹೆಸರು ಬೇಡ, ಹೋಟೆಲಿನ ಹೆಸರಂತೂ ಬೇಡವೇ ಬೇಡ. ಬೆಳಿಗ್ಗೆ ಬಸ್ಸಿನ ಧೂಳು, ಆಮೇಲೆ ಬ್ರಾಂಚಿನ ಹಳೇ ಫೈಲುಗಳ ಧೂಳು. ರಾತ್ರಿ ಒಂಬತ್ತೂವರೆಗೆ ರೂಮಿಗೆ ಬಂದವಳೇ ತಲೆ ಒದ್ದೆ ಮಾಡಿ ಶಾಂಪೂ ಹಾಕಿಕೊಂಡೆ. ನನ್ನ ಕೂದಲು ಸೊಂಟದವರೆಗೆ ಇದೆ. ಜಂಬಕ್ಕೆ ಹೇಳುತ್ತಿಲ್ಲ, ಮುಂದಿನ ಕಥೆಗೆ ಈ ವಿಷಯ ಬೇಕು.

ಶವರ್ ನೋಡಿದರೆ ಊಟದ ತಟ್ಟೆಯಷ್ಟು ಅಗಲ, ಫಳಫಳ ಹೊಳೆಯುತ್ತದೆ. ಅದರಿಂದ ಬಂದದ್ದು ಮಾತ್ರ ಇಬ್ಬನಿ. ಪೂರ್ತಿ ತಿರುಗಿಸಿದರೂ ಅಷ್ಟೇ. ನೊರೆ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಐದು ನಿಮಿಷ ನಿಂತೆ, ಹತ್ತು ನಿಮಿಷ ನಿಂತೆ, ಇಪ್ಪತ್ತಾಯಿತು. ಕೂದಲು ಹಿಂಡಿದರೆ ಇನ್ನೂ ಜಾರುತ್ತಿದೆ. ಕನ್ನಡಿ ಪಕ್ಕದಲ್ಲಿ ಎಲೆಯ ಚಿತ್ರ ಇರುವ ಒಂದು ಹಸಿರು ಕಾರ್ಡು: ನೀರು ಅಮೂಲ್ಯ, ಭೂಮಿಯನ್ನು ಉಳಿಸಲು ನಮ್ಮೊಂದಿಗೆ ಕೈಜೋಡಿಸಿ. ಜೋಡಿಸೋಣ ಅಂದರೆ ಎರಡೂ ಕೈ ನೊರೆಯಲ್ಲಿ.

ಟವೆಲ್ ಸುತ್ತಿಕೊಂಡು ರಿಸೆಪ್ಶನ್‌ಗೆ ಫೋನ್ ಮಾಡಿದೆ.

"ಎಲ್ಲಾ ರೂಮಲ್ಲೂ ಹಾಗೇ ಮೇಡಂ. ವಾಟರ್ ಸೇವಿಂಗ್ ಶವರ್ ಅದು."

"ಹಾಗಾದ್ರೆ ಒಂದು ಬಕೆಟ್ಟು, ಮಗ್ಗು ಕಳಿಸಿಪ್ಪಾ."

"ಬಕೆಟ್ ಇಲ್ಲ ಮೇಡಂ. ರಿನೋವೇಶನ್ ಆದಾಗ ಎಲ್ಲಾ ತೆಗೆದ್‌ಬಿಟ್ರು."

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಹೌಸ್‌ಕೀಪಿಂಗ್ ಹುಡುಗ ಒಂದು ನೀಲಿ ಬಕೆಟ್ ಹಿಡಿದು ನಿಂತಿದ್ದ. "ಚೆನ್ನಾಗಿ ತೊಳ್ದಿದೀನಿ ಅಕ್ಕಾ" ಅಂದ. ಆ ಮಾತು ಕೇಳಿ, ಅದು ಯಾವ ಕೆಲಸದ ಬಕೆಟ್ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಮಗ್ ಸಿಗಲಿಲ್ಲವಂತೆ, ಕೆಳಗಿನ ಊಟದ ಹಾಲಿನಿಂದ ನೀರು ಬಡಿಸುವ ಸ್ಟೀಲ್ ಜಗ್ ತಂದಿದ್ದ. ಒಂದೂವರೆ ಬಕೆಟ್‌ನಲ್ಲಿ ತಲೆ, ಮೈ ಎರಡೂ ಮುಗಿಯಿತು.

ಆಡಿಟ್‌ನವರ ಕೆಟ್ಟ ಚಾಳಿ ಏನು ಗೊತ್ತಾ? ಲೆಕ್ಕ ತಾಳೆಯಾಗದೆ ನಿದ್ದೆ ಬರಲ್ಲ. ಬೆಳಿಗ್ಗೆ ಅದೇ ಬಕೆಟ್ಟನ್ನು ಶವರ್ ಕೆಳಗಿಟ್ಟು ಮೊಬೈಲ್‌ನಲ್ಲಿ ಟೈಮ್ ನೋಡಿದೆ. 20 ಲೀಟರ್ ತುಂಬಲು 5 ನಿಮಿಷ. ಅಂದರೆ ನಿಮಿಷಕ್ಕೆ 4 ಲೀಟರ್. ಬಿಸಿನೀರು ಬರುವ ಹೊತ್ತಿಗೇ 3 ನಿಮಿಷ ಆಗಿತ್ತು, ಆ 12 ಲೀಟರ್ ತಣ್ಣೀರು ರಾತ್ರಿ ಸೀದಾ ಮೋರಿಗೆ ಹೋಗಿತ್ತು. ಆಮೇಲೆ ನಾನು ನಿಂತ 20 ನಿಮಿಷಕ್ಕೆ 80. ಒಟ್ಟು 92 ಲೀಟರ್ ಸುರಿದೂ ತಲೆಯಲ್ಲಿ ಶಾಂಪೂ ಹಾಗೇ ಇತ್ತು. ಬಕೆಟ್‌ನಲ್ಲಿ ಆದದ್ದು 30 ಲೀಟರ್. ಈಗ ಹೇಳಿ, ಇಲ್ಲಿ ನೀರು ಉಳಿಸಿದ್ದು ಯಾವುದು?

ನೀರು ಉಳಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಇರುವವಳು ನಾನು. 2024ರ ಬೇಸಿಗೆ ಮರೆತಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಫೆಬ್ರವರಿಯಲ್ಲೇ ಬರೀ ಗಾಳಿ ಕಕ್ಕಿತು. ಆಮೇಲೆ ಬೆಳಿಗ್ಗೆ ಎದ್ದರೆ ಟ್ಯಾಂಕರ್ ಬಂತಾ ಅನ್ನುವ ಮಾತೇ. ಆ ಮಾರ್ಚ್‌ನಲ್ಲೇ ಜಲಮಂಡಳಿ ಹೋಟೆಲು, ಮಾಲು, ಆಫೀಸುಗಳ ನಲ್ಲಿಗೆಲ್ಲ ಏರಿಯೇಟರ್ (ನೀರಿನ ಹರಿವು ಕಡಿಮೆ ಮಾಡುವ ಸಣ್ಣ ಜಾಲರಿ ಮೂತಿ) ಹಾಕಲೇಬೇಕು ಅಂತ ಆದೇಶ ಹೊರಡಿಸಿದ್ದು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದದ್ದೂ ಆಗಲೇ. ಹೋಳಿಗೆ ಕಾವೇರಿ ನೀರು, ಬೋರ್ ನೀರಿನಲ್ಲಿ ರೇನ್ ಡ್ಯಾನ್ಸ್ ಮಾಡಬೇಡಿ ಅಂತ ಜಲಮಂಡಳಿ ಕೇಳಿಕೊಳ್ಳಬೇಕಾಯಿತು. ಅಲ್ಲ, ಅದನ್ನೂ ಕೇಳಿಕೊಳ್ಳಬೇಕಾ? ಕಾವೇರಿ ನೀರು ಮಳವಳ್ಳಿ ಹತ್ತಿರದ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಪಂಪ್ ಆಗಿ, ಹಂತ ಹಂತವಾಗಿ ಮೇಲಕ್ಕೆ ಏರಿ ನಮ್ಮ ನಲ್ಲಿಗೆ ಬರುತ್ತದೆ. ಒಂದೊಂದು ಲೀಟರಿಗೂ ಕರೆಂಟು ಸುಟ್ಟಿರುತ್ತದೆ. ಅದನ್ನು ಬಚ್ಚಲಲ್ಲಿ ಕಾಯಿಸುವುದಕ್ಕೆ ಮತ್ತೆ ಕರೆಂಟು.

ಏರಿಯೇಟರ್ ಒಳ್ಳೆಯದೇ. ನಮ್ಮ ಮನೆಯ ವಾಶ್‌ಬೇಸಿನ್‌ಗೆ ಹಾಕಿಸಿ ಎರಡು ವರ್ಷವಾಯಿತು, ಅತ್ತೆಗೆ ಇವತ್ತಿಗೂ ಗೊತ್ತಿಲ್ಲ. ನೀರಿಗೆ ಗಾಳಿ ಬೆರೆಸಿ ದಪ್ಪಗೆ ಕಾಣಿಸುತ್ತದೆ, ಕೈ ತೊಳೆಯಲು ಅಷ್ಟು ಸಾಕು. ಕೈ ತೊಳೆಯುವ ಹೊತ್ತು ಹೇಗೂ ಅಷ್ಟೇ ಇರುತ್ತದೆ, ನೀರು ಕಡಿಮೆ ಬಿದ್ದರೆ ಕಡಿಮೆಯೇ ಖರ್ಚು. ಅದೇ ಏರಿಯೇಟರನ್ನು ಬಕೆಟ್ ತುಂಬುವ ನಲ್ಲಿಗೆ ಹಾಕಿದರೆ ಒಂದು ಹನಿಯೂ ಉಳಿಯಲ್ಲ, ತುಂಬುವುದು ತಡವಾಗುತ್ತದೆ ಅಷ್ಟೇ. ಶವರ್ ಕಥೆ ಇವೆರಡರ ನಡುವಿನದು. ಸೋಪು ಹೋಗುವವರೆಗೆ ಮನುಷ್ಯ ಅಲ್ಲಿಂದ ಕದಲಲ್ಲ. ನಿಮಿಷಕ್ಕೆ ಎಷ್ಟು ಲೀಟರ್ ಅಂತ ಹೋಟೆಲಿನವರು ಲೆಕ್ಕ ಹಾಕಿದರು. ಎಷ್ಟು ನಿಮಿಷ ಅಂತ ಯಾರೂ ಕೇಳಲಿಲ್ಲ.

ಇದು ನನ್ನ ಒಬ್ಬಳ ಗೊಣಗಾಟ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ 290 ಶವರ್‌ಗಳಿಗೆ ಸೆನ್ಸರ್ ಹಾಕಿ ನೋಡಿದ್ದಾರೆ. ನೀರಿನ ರಭಸ ಜಾಸ್ತಿ ಇದ್ದ ಕಡೆ ಜನ ಬೇಗ ಸ್ನಾನ ಮುಗಿಸಿದ್ದರು, ಒಟ್ಟು ನೀರೂ ಕಡಿಮೆಯೇ ಖರ್ಚಾಗಿತ್ತು. ನನ್ನ ನೀಲಿ ಬಕೆಟ್ಟಿನ ಲೆಕ್ಕವೂ ಇದನ್ನೇ ಹೇಳಿತ್ತು ಅಲ್ವಾ?

ಅಮೆರಿಕದಲ್ಲಿ ಈ ಜಗಳ 1992ರಿಂದ ಇದೆ. ಶವರ್ ನಿಮಿಷಕ್ಕೆ ಎರಡೂವರೆ ಗ್ಯಾಲನ್, ಅಂದರೆ ಸುಮಾರು 9.5 ಲೀಟರ್ ದಾಟಬಾರದು ಅಂತ ಆ ವರ್ಷ ಕಾನೂನು ಬಂತು. ಒಂದೇ ಶವರಿಗೆ ನಾಲ್ಕು ಮೂತಿ ಇದ್ದರೆ ನಾಲ್ಕೂ ಸೇರಿ ಅಷ್ಟೇ ಅನ್ನುವ ನಿಯಮವನ್ನು ತೆಗೆದುಹಾಕಲು 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸಹಿ ಹಾಕಿದರು. ನನ್ನ ಚಂದದ ಕೂದಲು ಒದ್ದೆಯಾಗಲು ಹದಿನೈದು ನಿಮಿಷ ನಿಲ್ಲಬೇಕು ಅಂತ ದೂರಿದ್ದರು. ಕೂದಲ ವಿಷಯದಲ್ಲಿ ಟ್ರಂಪ್‌ಗೂ ನನಗೂ ಒಂದೇ ಕಷ್ಟ ಬರುತ್ತದೆ ಅಂತ ಕನಸಲ್ಲೂ ಎಣಿಸಿರಲಿಲ್ಲ. ಆದರೆ ಅವರ ಮಿತಿಯೇ ನನ್ನ ಆ ರೂಮಿನ ಎರಡು ಪಟ್ಟಿಗಿಂತ ಜಾಸ್ತಿ. ಅಷ್ಟು ಸಿಕ್ಕಿದ್ದರೆ ನಾನು ಈ ಪೋಸ್ಟೇ ಬರೆಯುತ್ತಿರಲಿಲ್ಲ.

ನಮ್ಮ ಮನೆಗೆ ಬರುವ ಪ್ಲಂಬರ್ ಹತ್ತಿರ ಈ ಕಥೆ ಹೇಳಿದೆ. ಮೊದಲು ಕೇಳಿದ್ದೇ, "ಎಷ್ಟನೇ ಫ್ಲೋರ್ ಅಕ್ಕಾ?" ನಾಲ್ಕನೆಯದು, ಅದೇ ಕೊನೆ. ನಕ್ಕ. ಟ್ಯಾಂಕ್ ತಲೆ ಮೇಲೇ ಇದ್ದರೆ ಒತ್ತಡ ಎಲ್ಲಿಂದ ಬರಬೇಕು ಅಂದ. ನೀರು 10 ಮೀಟರ್ ಕೆಳಗೆ ಇಳಿದರೆ ಒಂದು ಬಾರ್‌ನಷ್ಟು (ಬಾರ್ ಅಂದರೆ ಒತ್ತಡದ ಅಳತೆ) ಒತ್ತಡ ಸಿಗುತ್ತದೆ. ನನ್ನ ರೂಮು ಟ್ಯಾಂಕಿನಿಂದ ಎರಡು ಮೂರು ಮೀಟರ್ ಕೆಳಗೆ. ನೀರು ಉಳಿಸುವ ಶವರ್‌ಗಳೂ ಕೆಲಸ ಮಾಡಲು ಒತ್ತಡ ಬೇಕು, ಗಾಳಿ ಸೇರಿಸಿ ಹನಿಯನ್ನು ರಭಸವಾಗಿ ಹೊಡೆಯುವುದೇ ಅವುಗಳ ಚಮತ್ಕಾರ. ಮೇಲಿನ ಎರಡು ಮಹಡಿಗೆ ಒಂದು ಪ್ರೆಶರ್ ಪಂಪ್ ಹಾಕಿದ್ದರೆ ಅದೇ ಶವರ್ ಚೆನ್ನಾಗಿರುತ್ತಿತ್ತು. ಗ್ರೌಂಡ್ ಫ್ಲೋರಿನವರಿಗೆ ಬಹುಶಃ ಸ್ವರ್ಗ. ಇಡೀ ಹೋಟೆಲಿಗೆ ಒಂದೇ ಮಾಡೆಲ್ ಶವರ್ ಹೋಲ್‌ಸೇಲಾಗಿ ತಂದು ಜಡಿದಿದ್ದಾರೆ, ಅಷ್ಟೇ.

ಇನ್ನು ಆ ಮೂರು ನಿಮಿಷದ ತಣ್ಣೀರು. ಟೆರೇಸಿನ ಸೋಲಾರಿನಿಂದ ಸುತ್ತಿ ಬಳಸಿ ರೂಮಿಗೆ ಬರುವ ಪೈಪಿನಲ್ಲಿ ಗಂಟೆಗಟ್ಟಲೆ ನಿಂತು ಆರಿದ ನೀರು ಅದು. ಮುಕ್ಕಾಲು ಇಂಚಿನ ಪೈಪು ಮೀಟರಿಗೆ ಸುಮಾರು 0.3 ಲೀಟರ್ ಹಿಡಿಯುತ್ತದೆ. 40 ಮೀಟರ್ ಪೈಪಿದ್ದರೆ ಲೆಕ್ಕ ಸರಿಹೋಯಿತು, 12 ಲೀಟರ್. ಶವರ್ ಎಷ್ಟೇ ಸಣ್ಣಗೆ ಬಂದರೂ ಅಷ್ಟು ನೀರು ಹೊರಗೆ ಹೋಗಲೇಬೇಕು. ಬಿಸಿನೀರು ಪೈಪಿನಲ್ಲಿ ಸುತ್ತುತ್ತಲೇ ಇರುವ ಹಾಗೆ ಒಂದು ರಿಟರ್ನ್ ಲೈನು, ಸಣ್ಣ ಪಂಪು ಇಟ್ಟರೆ ಇದು ಉಳಿಯುತ್ತದೆ. ಅದು ಗೋಡೆಯೊಳಗಿನ ಕೆಲಸ, ದುಡ್ಡು ಬೇಕು, ಫೋಟೋದಲ್ಲಿ ಕಾಣಲ್ಲ. ಹಸಿರು ಕಾರ್ಡು ಪ್ರಿಂಟ್ ಮಾಡಿಸಲು ಏನು ಖರ್ಚು? ಮರುದಿನ ಬೆಳಿಗ್ಗೆ ತಿಂಡಿಗೆ ಇಳಿದಾಗ ನೋಡುತ್ತೇನೆ, ಎದುರಿನ ಹುಲ್ಲುಹಾಸಿಗೆ ಪೈಪು ಬಿಟ್ಟು ಮಾಲಿ ಎಲ್ಲೋ ಹೋಗಿದ್ದಾನೆ. ನೀರು ಗೇಟು ದಾಟಿ ರಸ್ತೆಗೆ ಹರಿಯುತ್ತಿದೆ. ನನಗೆ ಸಿಟ್ಟು ಬಂದದ್ದು ಶವರಿಗಿಂತ ಜಾಸ್ತಿ ಇದಕ್ಕೆ.

ಹೋಟೆಲಿನವರ ಕಷ್ಟವೂ ಗೊತ್ತು. ನಮ್ಮ ಸೋದರಮಾವ 18 ರೂಮಿನ ಲಾಡ್ಜ್ ನಡೆಸುತ್ತಾರೆ. ಮದುವೆ ಸೀಸನ್ನಿನಲ್ಲಿ ಒಂದು ರೂಮಿನಲ್ಲಿ ಎಂಟು ಜನ. ಶವರ್ ಬಿಟ್ಟು ಫೋನಿನಲ್ಲಿ ಮಾತಾಡುತ್ತಾ ನಿಲ್ಲುವವರು, "ದುಡ್ಡು ಕೊಟ್ಟಿಲ್ವಾ" ಅನ್ನುವವರು. ಮೇ ತಿಂಗಳಲ್ಲಿ ದಿನಕ್ಕೆರಡು ಟ್ಯಾಂಕರ್ ತರಿಸಿ ಮಾವ ಬಿಲ್ಲು ನೋಡಿ ಹಣೆ ಒತ್ತಿಕೊಳ್ಳುವುದನ್ನು ಕಂಡಿದ್ದೇನೆ. "ನೀನೊಬ್ಬಳು ಬಕೆಟ್ ಕೇಳ್ತೀಯ ಕಣೇ, ಉಳಿದೋರು ಬಕೆಟ್ ನೋಡಿದ್ರೆ ಇದು ಲಾಡ್ಜಾ ಹೋಟೆಲ್ಲಾ ಅಂತ ಮೂಗು ಮುರೀತಾರೆ" ಅಂದರು. ನಿಜ. ನಾನೂ ಸಾಚಾ ಅಲ್ಲ. ಮನೆಯಲ್ಲಿ ಗೀಸರ್ ಐದು ನಿಮಿಷ ಜಾಸ್ತಿ ಉರಿದರೆ ಕೂಗಾಡುವವಳು, ಕಂಪನಿ ಖರ್ಚಿನ ಒಳ್ಳೆಯ ಹೋಟೆಲಿನಲ್ಲಿ ಅರ್ಧ ಗಂಟೆ ಶವರ್ ಕೆಳಗೆ ನಿಂತದ್ದು ಉಂಟು.

ಇಂಥವರಿಗೂ ಉಪಾಯವಿದೆ. ಸ್ವಿಟ್ಜರ್ಲೆಂಡಿನ ಆರು ಹೋಟೆಲುಗಳಲ್ಲಿ ಕೆಲವು ವರ್ಷಗಳ ಹಿಂದೆ ಶವರ್ ಪೈಪಿಗೆ ಸಣ್ಣ ಮೀಟರ್ ಹಾಕಿದರು. ಎಷ್ಟು ನೀರು, ಎಷ್ಟು ಶಕ್ತಿ ಖರ್ಚಾಯಿತು ಅಂತ ಆಗಿಂದಾಗ್ಗೆ ತೋರಿಸುತ್ತದೆ. ಜೊತೆಗೆ ಮಂಜುಗಡ್ಡೆ ಮೇಲೆ ನಿಂತ ಹಿಮಕರಡಿಯ ಚಿತ್ರ, ನೀರು ಹೋದಂತೆ ಮಂಜು ಕರಗುತ್ತದೆ. ಅತಿಥಿಗಳು ಕಟ್ಟುವ ಬಿಲ್ಲಿನಲ್ಲಿ ಒಂದು ಪೈಸೆ ವ್ಯತ್ಯಾಸ ಇಲ್ಲ. ಆದರೂ ಸ್ನಾನಕ್ಕೆ ತಗಲುವ ಶಕ್ತಿ ಶೇ. 11ರಷ್ಟು ಇಳಿಯಿತು. ಯಾರ ತಲೆಯ ಮೇಲೂ ಇಬ್ಬನಿ ಉದುರಿಸಲಿಲ್ಲ ನೋಡಿ.

ನಮಗೆ ಹಿಮಕರಡಿ ಯಾಕೆ ಬೇಕು? ಬಕೆಟ್ ಇದೆಯಲ್ಲ. ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಅಂತ ಕಣ್ಣೆದುರಿಗೇ ಕಾಣುತ್ತದೆ. ಸೆನ್ಸರ್ ಬೇಡ, ಬ್ಯಾಟರಿ ಬೇಡ. ಅಜ್ಜಿ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಅದನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಕೊರಳಿಗೆ ಹಾಗಲಬಳ್ಳಿ ಸುತ್ತುತ್ತಿದ್ದರು. ಮರುದಿನ ಎಣ್ಣೆ ಸ್ನಾನ. ಆಗೇನು ಕಡಿಮೆ ನೀರು ಸುರಿಯುತ್ತಿದ್ದರು ಅಂತಲ್ಲ, ಕಣ್ಣಿಗೆ ಸೀಗೆಪುಡಿ ಹೋಗಿ ಅರಚುವ ನಮಗೆ ಚೊಂಬಿನ ಮೇಲೆ ಚೊಂಬು ಬೀಳುತ್ತಿತ್ತು. ಆದರೆ ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗುತ್ತಿತ್ತು.

ಬಕೆಟ್ ಎಲ್ಲರಿಗೂ ಆಗಿಬರಲ್ಲ, ಒಪ್ಪುತ್ತೇನೆ. ಮಂಡಿ ನೋವಿನವರಿಗೆ ಬಗ್ಗಿ ನೀರು ತೆಗೆದುಕೊಳ್ಳುವುದು ಹಿಂಸೆ. ನಮ್ಮ ಅತ್ತೆಗೆ ಕೈಶವರೇ ಬೇಕು. ಹಾಗಾಗಿ ಶವರ್ ಇರಲಿ, ಅದು ಶವರ್ ಥರ ಬರಲಿ. ಮೂಲೆಯಲ್ಲಿ ಒಂದು ಬಕೆಟ್ಟೂ ಇರಲಿ. ಮೊದಲು ಬರುವ ತಣ್ಣೀರು ಹಿಡಿದಿಡುವುದಕ್ಕಾದರೂ ಆಯಿತು, ಅದೇ ಬಿಸಿನೀರಿಗೆ ಬೆರೆಸಲು ಬೇಕಾಗುತ್ತದೆ. 2018ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಊರಿಗೆ ಊರೇ ಬತ್ತುವ ಸ್ಥಿತಿಗೆ ಬಂದು, ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದಾಗ, ಅಲ್ಲಿನ ಹೋಟೆಲಿನವರು ಬಾತ್‌ಟಬ್ಬಿನ ಬಿರಡೆ ಕಿತ್ತಿಟ್ಟರು, ಶವರ್ ಕೆಳಗೆ ಬಕೆಟ್ ಇಟ್ಟರು. ನಮ್ಮವರು ಇದ್ದ ಬಕೆಟ್ಟನ್ನು ಎತ್ತಿ ಆ ಜಾಗದಲ್ಲಿ ಪ್ಲಾಸ್ಟಿಕ್ ಆರ್ಕಿಡ್ ಇಟ್ಟಿದ್ದಾರೆ.

ರೂಮು ಖಾಲಿ ಮಾಡುವಾಗ ಫೀಡ್‌ಬ್ಯಾಕ್ ಫಾರಂ ಕೊಟ್ಟರು. ಇದನ್ನೆಲ್ಲ ಬರೆಯಲು ಜಾಗ ಎಲ್ಲಿ? "ಮೇಲಿನ ಮಹಡಿಗೆ ಪ್ರೆಶರ್ ಪಂಪ್, ಎಲ್ಲಾ ರೂಮಿಗೆ ಬಕೆಟ್" ಅಂತ ಬರೆದೆ. ಕೌಂಟರಿನ ಹುಡುಗಿ ಓದಿ, ಸುತ್ತ ನೋಡಿ, ಮೆಲ್ಲಗೆ "ಇದೇ ವಾರದಲ್ಲಿ ನೀವು ಮೂರನೆಯೋರು ಮೇಡಂ" ಅಂದಳು.

ಮುಂದಿನ ಸೋಮವಾರ ಮತ್ತೆ ಅದೇ ಊರು, ಅದೇ ಹೋಟೆಲು, ಬುಕಿಂಗ್ ಆಫೀಸಿನವರದ್ದು. ಬ್ಯಾಗಿನಲ್ಲಿ ಈಗಲೇ ಒಂದು ಚೊಂಬು ಇಟ್ಟುಕೊಂಡಿದ್ದೇನೆ. ಬಕೆಟ್ ಹಿಡಿಯುವಷ್ಟು ದೊಡ್ಡ ಸೂಟ್‌ಕೇಸ್ ನನ್ನ ಹತ್ತಿರ ಇಲ್ಲ. ಆ ಹೌಸ್‌ಕೀಪಿಂಗ್ ಹುಡುಗ ಡ್ಯೂಟಿಯಲ್ಲಿದ್ದರೆ ಸಾಕು.