ಪಿಸಿಆರ್ ನೆಗೆಟಿವ್ ಬಂದರೆ ವೈರಸ್ ಇಲ್ಲ ಎಂದಲ್ಲ

ಮೆದುಳಿನ ಸೋಂಕು ಮತ್ತು ಗೆಡ್ಡೆ ಒಂದೇ ತರ ಕಾಣುವ ಬಗ್ಗೆ ಒಂದು ಲೇಖನ ಓದಿದೆ. ಬೆನ್ನಿನಿಂದ ತೆಗೆದ ನೀರಿನ (ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವದ) ಪಿಸಿಆರ್, ಅಂದರೆ ವೈರಸ್‌ನ ಜೀನ್ ಹುಡುಕುವ ಪರೀಕ್ಷೆ, ನೆಗೆಟಿವ್ ಬಂದರೆ ಸೋಂಕನ್ನು ಮರೆತು ಗೆಡ್ಡೆ ಹುಡುಕಬೇಕು ಅಂತ ಅದರಲ್ಲಿದೆ. ಈ ಮಾತು ಅಪಾಯದ್ದು. ಹರ್ಪಿಸ್ ವೈರಸ್ ಮೆದುಳಿಗೆ ತಗುಲಿದಾಗ ಮೊದಲ ಎರಡು ಮೂರು ದಿನ ಈ ಪರೀಕ್ಷೆ ಸುಳ್ಳು ಹೇಳಬಹುದು. ಜ್ವರ, ಫಿಟ್ಸ್, ಗೊಂದಲ ಇದ್ದು ಸ್ಕ್ಯಾನ್‌ನಲ್ಲಿ ಟೆಂಪೊರಲ್ ಲೋಬ್ (ಕಿವಿಯ ಪಕ್ಕದ ಮೆದುಳಿನ ಭಾಗ) ಊದಿಕೊಂಡಿದ್ದರೆ ಕೆಲವು ದಿನ ಬಿಟ್ಟು ಮತ್ತೊಮ್ಮೆ ನೀರು ತೆಗೆದು ನೋಡಲೇಬೇಕು. ಅಲ್ಲಿಯವರೆಗೆ ಈ ವೈರಸ್‌ಗೆ ಕೊಡುವ ಔಷಧ ಅಸೈಕ್ಲೋವಿರ್ ನಿಲ್ಲಿಸಬಾರದು. ಚಿಕಿತ್ಸೆ ಸಿಗದವರಲ್ಲಿ ಸುಮಾರು 70% ಜನ ಉಳಿಯುವುದಿಲ್ಲ. ಸುಮ್ನೆ ಕಾಯುವ ಕಾಯಿಲೆ ಅಲ್ಲ ಇದು.

ಆದರೆ ಗೆಡ್ಡೆಯನ್ನೇ ಸೋಂಕು ಅಂದುಕೊಳ್ಳುವ ಉಲ್ಟಾ ತಪ್ಪೂ ನಡೆಯುತ್ತದೆ, ಅದನ್ನು ಲೇಖಕರು ಸರಿಯಾಗಿಯೇ ಎತ್ತಿದ್ದಾರೆ. ಗ್ಲಿಯೊಮಾಟೋಸಿಸ್ ಎಂಬ ಅಪರೂಪದ ರೀತಿಯಲ್ಲಿ ಬೆಳೆಯುವ ಮೆದುಳಿನ ಗೆಡ್ಡೆ ಒಂದು ಕಡೆ ಉಂಡೆಯಾಗಿ ಕೂರುವುದಿಲ್ಲ. ಮೂರು ಅಥವಾ ಹೆಚ್ಚು ಲೋಬ್‌ಗಳಿಗೆ ನೀರಿನಲ್ಲಿ ಬಿದ್ದ ಶಾಯಿಯ ಹಾಗೆ ಹರಡುತ್ತದೆ. ಎಂಆರ್‌ಐ ನೋಡಿದರೆ ಬರೀ ಊತದಂತೆ ಕಾಣುತ್ತದೆ, ಸೋಂಕು ಅನ್ನಿಸುವುದು ಸಹಜ ಅಲ್ವಾ? ಇಲ್ಲಿ ಸುಳಿವು ಕೊಡುವುದು ಕಾಲ. ವೈರಸ್ ಸಾಮಾನ್ಯವಾಗಿ ದಿನಗಳಲ್ಲಿ ಕೆಡಿಸುತ್ತದೆ. ಗೆಡ್ಡೆಯಾದರೆ ವಾರ, ತಿಂಗಳುಗಟ್ಟಲೆ ಮರೆವು, ಸ್ವಭಾವದ ಬದಲಾವಣೆ ಇರುತ್ತದೆ. ಜ್ವರ ಹೆಚ್ಚಾಗಿ ಇರುವುದಿಲ್ಲ.

ಲೇಖನ ಬಿಟ್ಟುಬಿಟ್ಟ ಇನ್ನೊಂದು ವಿಷಯ ಸ್ಟಿರಾಯ್ಡ್. ಕೊಟ್ಟ ತಕ್ಷಣ ಊತ ಇಳಿದು ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಮೆದುಳಿನ ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್) ಇದ್ದರೆ ಅದೂ ತಾತ್ಕಾಲಿಕವಾಗಿ ಕುಗ್ಗುತ್ತದೆ, ಆಮೇಲೆ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡಿದರೂ ಏನೂ ಸಿಗದೆ ಹೋಗಬಹುದು. ಅಸೈಕ್ಲೋವಿರ್ ಕೋರ್ಸ್ ಮುಗಿದ ಮೇಲೂ ಸ್ಕ್ಯಾನ್‌ನ ಕಲೆ ಬೆಳೆಯುತ್ತಲೇ ಇದ್ದರೆ ಬಯಾಪ್ಸಿ ಮುಂದೂಡಬಾರದು. ರೋಗಿಯ ಮನೆಯವರು ಡಿಸ್ಚಾರ್ಜ್ ದಿನವೇ ಮುಂದಿನ ಎಂಆರ್‌ಐ ಯಾವಾಗ ಅಂತ ಕೇಳಿ ಬರೆಸಿಕೊಳ್ಳಿ.