ಬತ್ತಿ ಸ್ವಲ್ಪ ಇಳಿಸು

ರಾತ್ರಿ ಹನ್ನೊಂದೂವರೆ ಇರಬೇಕು. ಮಗು ಈಗಷ್ಟೇ ಮಲಗಿತ್ತು. ಹೆಂಡತಿ ಗೋಡೆ ಕಡೆ ತಿರುಗಿದ್ದಳು. ಗಂಟೆ ಎಷ್ಟಾಯ್ತು ನೋಡೋಣ ಅಂತ ಕನ್ನಡಕ ತಡಕಿ ಹಾಕಿಕೊಂಡು ಮೊಬೈಲ್ ಎತ್ತಿದೆ. ಅಷ್ಟೇ. ಫ್ಯಾನಿನ ರೆಕ್ಕೆ ಕಂಡಿತು, ಬೀರು ಮೇಲಿನ ಸೂಟ್‌ಕೇಸ್ ಕಂಡಿತು, ಮಗುವಿನ ರೆಪ್ಪೆ ಅಲುಗಿದ್ದೂ ಕಂಡಿತು. ಮೊಬೈಲನ್ನು ಎದೆಗೆ ಒತ್ತಿಕೊಂಡು ಉಸಿರು ಬಿಗಿಹಿಡಿದು ಮಲಗಿದೆ. ಕನ್ನ ಹಾಕಲು ಬಂದ ಕಳ್ಳನೂ ಅಷ್ಟು ಹೆದರಲಾರ. ಗಂಟೆ ಎಷ್ಟಾಗಿತ್ತು ಅನ್ನುವುದು ಮಾತ್ರ ತಲೆಯಲ್ಲಿ ಉಳಿಯಲಿಲ್ಲ.

ತಪ್ಪು ನನ್ನದಲ್ಲ. ಬ್ರೈಟ್‌ನೆಸ್ಸಿನ ಗುಂಡಿಯನ್ನು ಸಂಜೆಯೇ ಎಡಗಡೆ ತುದಿಗೆ ಎಳೆದಿಟ್ಟಿದ್ದೆ. ಇನ್ನೂ ಎಳೆದರೆ ಬೆರಳು ಮೊಬೈಲ್ ದಾಟಿ ಹಾಸಿಗೆಗೆ ಬೀಳುತ್ತದೆ.

ಪರದೆಯ ಬೆಳಕನ್ನು ನಿಟ್ ಅನ್ನುವ ಲೆಕ್ಕದಲ್ಲಿ ಅಳೆಯುತ್ತಾರೆ. ಈಗಿನ ಒಳ್ಳೆಯ ಫೋನುಗಳು ಬಿಸಿಲಲ್ಲಿ 1000 ನಿಟ್ ದಾಟುತ್ತವೆ. ಪೂರ್ತಿ ಇಳಿಸಿದರೆ ಎರಡರ ಆಸುಪಾಸಿಗೆ ಬರುತ್ತವೆ. ಎರಡೇ ಎರಡು, ಏನು ಮಹಾ ಅನ್ನಿಸಬಹುದು. ಆದರೆ ಕತ್ತಲೆಯಲ್ಲಿ ಕಣ್ಣು ಹಗಲಿನ ಕಣ್ಣಲ್ಲ. ಪಾಪೆ ಅಗಲವಾಗಿ ತೆರೆದುಕೊಂಡಿರುತ್ತದೆ. ಅದರ ಹಿಂದೆ ರಾಡ್ ಅನ್ನುವ ಕೋಶಗಳು ಅರ್ಧ ಗಂಟೆ ಹಿಡಿದು ನಿಧಾನಕ್ಕೆ ಚುರುಕಾಗುತ್ತಾ ಹೋಗುತ್ತವೆ. ಕರೆಂಟ್ ಹೋದಾಗ ಮೊದಲು ಏನೂ ಕಾಣದೆ ತಡವರಿಸಿ, ಆಮೇಲೆ ಬಾಗಿಲು, ಕುರ್ಚಿ, ಹೊಸಿಲು ಒಂದೊಂದಾಗಿ ಮೇಲೆ ಬರುತ್ತವಲ್ಲ, ಅದು ಇವುಗಳ ಕೆಲಸ. ಅರ್ಧ ಗಂಟೆಯ ಈ ತಪಸ್ಸನ್ನು ಮೊಬೈಲ್ ಒಂದು ಕ್ಷಣದಲ್ಲಿ ಕೆಡಿಸುತ್ತದೆ.

ಬರೀ ಒಂದು ಕಣ್ಣಿನದು ಕೆಟ್ಟರೆ ಇನ್ನೂ ತಮಾಷೆ. ಒಂದು ರಾತ್ರಿ ಪಕ್ಕಕ್ಕೆ ಮಲಗಿ ಬಹಳ ಹೊತ್ತು ಓದಿ, ನೀರು ಕುಡಿಯಲು ಎದ್ದರೆ ಬಲಗಣ್ಣೇ ಕಾಣುತ್ತಿಲ್ಲ! ಎಡಗಣ್ಣು ಮುಚ್ಚಿದರೆ ಅಡಿಗೆಮನೆ ಮಾಯ, ತೆಗೆದರೆ ಹಾಜರ್. ಹೂಜಿ ಹಿಡಿದುಕೊಂಡೇ ಐದು ನಿಮಿಷ ನಿಂತಿದ್ದೆ. ಆಸ್ತಿ ಪತ್ರದ ತನಕ ಯೋಚನೆ ಓಡಿತು. ಅಷ್ಟರಲ್ಲಿ ತಾನಾಗೇ ಸರಿಹೋಯ್ತು. ಆಮೇಲೆ ಓದಿದೆ, 2016ರಲ್ಲಿ ಇಂಗ್ಲೆಂಡಿನ ವೈದ್ಯರು ಇದನ್ನೇ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರಂತೆ. ಇಬ್ಬರು ಹೆಂಗಸರು ಹೀಗೇ ಗಾಬರಿಯಾಗಿ ಬಂದು, ಪರೀಕ್ಷೆ ಮೇಲೆ ಪರೀಕ್ಷೆ ಮಾಡಿಸಿಕೊಂಡಿದ್ದರು. ದಿಂಬಿಗೆ ಒತ್ತಿಕೊಂಡ ಕಣ್ಣು ಕತ್ತಲೆಗೆ ಹೊಂದಿಕೊಂಡಿರುತ್ತದೆ, ಇನ್ನೊಂದು ಮೊಬೈಲಿನ ಬೆಳಕಿಗೆ. ಎದ್ದಾಗ ಎರಡೂ ಬೇರೆ ಬೇರೆ ಊರಲ್ಲಿರುತ್ತವೆ.

ಇಂಥ ಹೊತ್ತಲ್ಲಿ ನನಗೆ ಅಜ್ಜಿಯ ಲಾಟೀನು ನೆನಪಾಗುತ್ತದೆ. ಅದರ ಕುತ್ತಿಗೆಯ ಪಕ್ಕ ಒಂದು ಪುಟ್ಟ ತಿರುಪು. ಹೀಗೆ ತಿರುಗಿಸಿದರೆ ಬತ್ತಿ ಮೇಲೆ, ಹಾಗೆ ತಿರುಗಿಸಿದರೆ ಕೆಳಗೆ. ಊಟ ಮುಗಿದ ಕೂಡಲೇ ಒಳಗಿಂದ ದನಿ ಬರುತ್ತಿತ್ತು: ‘ಬತ್ತಿ ಸ್ವಲ್ಪ ಇಳಿಸು, ಸೀಮೆಎಣ್ಣೆ ಏನು ಬಾವೀಲಿ ಬರುತ್ತಾ?’ ಇಳಿಸುತ್ತಾ ಹೋದರೆ ಹಳದಿ ನಾಲಿಗೆ ಮೊಟಕಾಗಿ, ಕೊನೆಗೆ ಬತ್ತಿಯ ಅಂಚಿನಲ್ಲಿ ನೀಲಿ ಗೆರೆಯಷ್ಟೇ ಉಳಿಯುತ್ತಿತ್ತು. ಜಗಲಿಯಲ್ಲಿ ಸಾಲಾಗಿ ಮಲಗಿದ ಹತ್ತು ಜನರಲ್ಲಿ ಒಬ್ಬರ ನಿದ್ದೆಗೂ ಅದು ಅಡ್ಡಬರುತ್ತಿರಲಿಲ್ಲ. ನಡುರಾತ್ರಿ ಹೊರಗೆ ಹೋಗಬೇಕಾದವರಿಗೆ ಬಾಗಿಲು ಎಲ್ಲಿ ಅಂತಲೂ ಗೊತ್ತಾಗುತ್ತಿತ್ತು.

ದೀಪ ಆರಿಸು ಅನ್ನುವ ಮಾತು ಮಾತ್ರ ಅಜ್ಜಿಯ ಎದುರು ಆಡುವಂತಿರಲಿಲ್ಲ. ಅಪಶಕುನ. ‘ದೊಡ್ಡದು ಮಾಡು’ ಅನ್ನಬೇಕು. ಬೇಸಿಗೆ ರಜೆಗೆ ಬಂದ ಪಟ್ಟಣದ ಹುಡುಗನೊಬ್ಬನಿಗೆ ಇದು ಗೊತ್ತಿರಲಿಲ್ಲ. ‘ಮಲಗುವ ಮುಂಚೆ ದೀಪ ದೊಡ್ಡದು ಮಾಡಪ್ಪ’ ಅಂತ ಅಜ್ಜಿ ಹೇಳಿದ್ದೇ ತಡ, ಪುಣ್ಯಾತ್ಮ ಬತ್ತಿಯನ್ನು ಪೂರ್ತಿ ಏರಿಸಿ ಮಲಗಿಬಿಟ್ಟ. ಬೆಳಿಗ್ಗೆ ಹೊತ್ತಿಗೆ ಗಾಜಿನ ಬುರುಡೆ ಬಾಣಲೆ ತಳದಷ್ಟು ಕಪ್ಪಾಗಿತ್ತು. ಬೂದಿ ಹಾಕಿ ತಿಕ್ಕುವ ಕೆಲಸ ನನ್ನ ಪಾಲಿಗೆ ಬಂತು. ಅವನು ಅತಿಥಿ ಅಲ್ವಾ.

ಮೊಬೈಲಿಗೂ ಆ ನೀಲಿ ಗೆರೆ ಇದೆ ಅಂತ ನನಗೆ ತಡವಾಗಿ ಗೊತ್ತಾಯ್ತು. ಆಂಡ್ರಾಯ್ಡ್ 12ರಲ್ಲಿ, ಅಂದರೆ 2021ರಲ್ಲಿ, ‘ಎಕ್ಸ್‌ಟ್ರಾ ಡಿಮ್’ ಅಂತ ಕೊಟ್ಟರು. ಐಫೋನಿನಲ್ಲಿ ‘ರೆಡ್ಯೂಸ್ ವೈಟ್ ಪಾಯಿಂಟ್’ ಅಂತಿದೆ. ಎರಡನ್ನೂ ಇಟ್ಟಿರುವುದು ಬ್ರೈಟ್‌ನೆಸ್ ಇರುವ ಕಡೆ ಅಲ್ಲ, ಆಕ್ಸೆಸಿಬಿಲಿಟಿ ಅನ್ನುವ ಒಳಕೋಣೆಯಲ್ಲಿ. ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಟ್ಟ ಹಾಗೆ. ಮಾಡುವುದಿಷ್ಟೇ: ಬಿಳಿಯನ್ನು ಬೂದಿಯಾಗಿಸಿ, ಬಣ್ಣಗಳ ಸದ್ದಡಗಿಸಿ ತೋರಿಸುತ್ತದೆ. ಬೆಳಕಿನ ಮೇಲೆ ತೆಳು ಪಂಚೆ ಹೊದಿಸಿದಂತೆ. ಒಎಲ್‌ಇಡಿ ಪರದೆಯಾದರೆ ಪ್ರತಿ ಚುಕ್ಕಿಯೂ ತಾನೇ ಉರಿಯುವ ದೀಪ, ಹಾಗಾಗಿ ಚೆನ್ನಾಗಿ ಇಳಿಯುತ್ತದೆ. ಎಲ್‌ಸಿಡಿ ಆದರೆ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ, ಕಪ್ಪೂ ಪೂರ್ತಿ ಕಪ್ಪಾಗುವುದಿಲ್ಲ.

ಮೊದಲ ರಾತ್ರಿ ಅದನ್ನು ಹಾಕಿಕೊಂಡಾಗ ಹಬ್ಬ. ಫ್ಯಾನ್ ಕಾಣಲಿಲ್ಲ, ಸೂಟ್‌ಕೇಸ್ ಕಾಣಲಿಲ್ಲ, ಅಕ್ಷರ ಮಾತ್ರ ಕಂಡಿತು. ಫೋನ್ ಆಫ್ ಮಾಡಿ ಆನ್ ಮಾಡಿದರೂ ಇದು ಹಾಗೇ ಇರಲಿ ಅನ್ನುವ ಇನ್ನೊಂದು ಗುಂಡಿ ಕಂಡಿತು. ಅದನ್ನೂ ಒತ್ತಿದೆ. ಒತ್ತಬಾರದಿತ್ತು.

ಮಾರನೇ ದಿನ ಏಪ್ರಿಲ್ ಬಿಸಿಲು, ಬೆಳಿಗ್ಗೆ ಹನ್ನೊಂದು. ಬಸ್ ಸ್ಟಾಪಿನ ಪಕ್ಕ ಎಳನೀರು ಕುಡಿದೆ. ದುಡ್ಡು ಕೊಡೋಣ ಅಂತ ಮೊಬೈಲ್ ತೆಗೆದರೆ ಕರೀ ಸ್ಲೇಟು. ಜೇಬಲ್ಲಿ ಚಿಲ್ಲರೆ ಇಲ್ಲ. ಬೆಳಕು ಏರಿಸಬೇಕಾದರೆ ಏರಿಸುವ ಗುಂಡಿ ಕಾಣಬೇಕು, ಗುಂಡಿ ಕಾಣಬೇಕಾದರೆ ಬೆಳಕು ಏರಿಸಬೇಕು. ಆಫ್ ಮಾಡಿ ಆನ್ ಮಾಡಿದೆ. ರಾತ್ರಿಯ ಆಜ್ಞೆಯನ್ನು ಅದು ಚಾಚೂ ತಪ್ಪದೆ ಪಾಲಿಸಿತು. ‘ಮೊಬೈಲ್ ಸತ್ತೋಗಿದೆ ಸಾರ್’ ಅಂದ ಎಳನೀರಿನವನು. ‘ಸತ್ತಿಲ್ಲ, ಡಿಮ್ ಮಾಡಿದೀನಿ’ ಅಂದೆ. ಬೇಕಂತಲೇ ಯಾರು ಹಾಗೆ ಮಾಡಿಕೊಳ್ತಾರೆ ಅನ್ನುವಂತೆ ನೋಡಿದ. ಆದರೆ ಒಳ್ಳೆಯವನು. ಗಾಡಿಯ ಕೆಳಗಿನಿಂದ ಖಾಲಿ ಗೋಣಿಚೀಲ ಎಳೆದು ನನ್ನ ತಲೆ ಮೇಲೆ ಹಾಕಿದ. ಹಳೇ ಕಾಲದ ಫೋಟೋದವರು ಕರಿಬಟ್ಟೆಯೊಳಗೆ ತಲೆ ತೂರಿಸುತ್ತಿದ್ದರಲ್ಲ, ಹಾಗೆ ನಿಂತು, ತೆಂಗಿನ ನಾರಿನ ವಾಸನೆ ಕುಡಿಯುತ್ತಾ ಸೆಟ್ಟಿಂಗ್ ಹುಡುಕಿದೆ. ಹೊರಗಿನಿಂದ ಯಾರೋ ‘ಏನಾಯ್ತು ಅವರಿಗೆ?’ ಅಂತ ಕೇಳುತ್ತಿದ್ದರು.

ಆಮೇಲೆ ಬೇರೆ ದಾರಿಗಳನ್ನೂ ನೋಡಿದೆ. ನಕ್ಷತ್ರ ನೋಡುವವರು ಟಾರ್ಚಿಗೆ ಕೆಂಪು ಕಾಗದ ಸುತ್ತುತ್ತಾರೆ. ರಾಡ್ ಕೋಶಗಳಿಗೆ ಕೆಂಪು ಅಷ್ಟಾಗಿ ತಟ್ಟುವುದಿಲ್ಲ, ಅದಕ್ಕೆ. ನಾನೂ ಪರದೆಯನ್ನು ಕೆಂಪಾಗಿಸಿಕೊಂಡು ಮಲಗಿದೆ. ಹೆಂಡತಿ ಕಣ್ಣು ಬಿಟ್ಟವಳು ಬೆಚ್ಚಿಬಿದ್ದಳು. ‘ಯಕ್ಷಗಾನದ ಬಣ್ಣದ ವೇಷ ಬಂದ ಹಾಗಾಯ್ತು’ ಅಂದಳು. ಅಲ್ಲಿಗೆ ಅದು ಮುಗಿಯಿತು. ಡಾರ್ಕ್ ಮೋಡ್ ಪರವಾಗಿಲ್ಲ, ಆದರೆ ನಂಬುವಂತಿಲ್ಲ. ಕಪ್ಪು ಪುಟದಲ್ಲಿ ಹಾಯಾಗಿ ಹೋಗುತ್ತಿರುವಾಗ ಯಾವುದೋ ಲಿಂಕ್ ಒತ್ತಿದರೆ, ಎದುರು ಲಾರಿ ಹೆಡ್‌ಲೈಟ್ ಬಿಟ್ಟ ಹಾಗೆ ಬಿಳಿ ಪುಟ ನುಗ್ಗುತ್ತದೆ.

ಅಪ್ಪನಿಗೆ ಇದೆಲ್ಲ ಹುಚ್ಚಾಟ. ಅವರ ಫೋನು ಯಾವಾಗಲೂ ಪೂರ್ತಿ ಬೆಳಕಿನಲ್ಲಿ. ಬೆಳಗಿನ ಜಾವ ನಾಲ್ಕೂವರೆಗೆ ಅವರ ಕೋಣೆಯ ಬಾಗಿಲ ಸಂದಿಯಿಂದ ಬೆಳುದಿಂಗಳು ಬರುತ್ತಿರುತ್ತದೆ. ಸೂರ್ಯ ಹುಟ್ಟುವ ಮೊದಲೇ ಕೇಸರಿ ಸೂರ್ಯನಿರುವ ಶುಭೋದಯ ಮೂರು ಗುಂಪುಗಳಿಗೆ ಹೋಗಿಯಾಗಿರುತ್ತದೆ. ಒಂದು ಸಲ ಅವರಿಗೂ ಒಳ್ಳೆಯದಾಗಲಿ ಅಂತ ಸುಮ್ನೆ ಬೆಳಕು ಅರ್ಧಕ್ಕಿಳಿಸಿ ಕೊಟ್ಟೆ. ‘ಇದೇನೋ, ಫೋನಿಗೂ ಪೊರೆ ಬಂತಾ?’ ಅಂದರು. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಒಳಗೆ ಹೋಗುವ ಬೆಳಕೇ ಕಡಿಮೆ. ನನಗೆ ಕಣ್ಣಿಗೆ ಚುಚ್ಚುವುದು ಅವರಿಗೆ ಹದವಾದ ಬೆಳಕು. ಮತ್ತೆ ಏರಿಸಿ ಕೊಟ್ಟೆ.

ಈಗ ಎಕ್ಸ್‌ಟ್ರಾ ಡಿಮ್ಮಿನ ಗುಂಡಿಯನ್ನು ಮೇಲಿನಿಂದ ಎಳೆಯುವ ಪಟ್ಟಿಗೇ ತಂದಿಟ್ಟುಕೊಂಡಿದ್ದೇನೆ. ಜಾಗ ಬೆರಳಿಗೆ ಬಾಯಿಪಾಠ. ಬಿಸಿಲಲ್ಲೂ ಕುರುಡಾಗಿ ಒತ್ತಬಲ್ಲೆ. ನಿನ್ನೆ ರಾತ್ರಿ ಎಲ್ಲವನ್ನೂ ಇಳಿಸಿ, ಹೊದಿಕೆಯ ಅಂಚನ್ನೂ ಮರೆ ಮಾಡಿಕೊಂಡು ಓದುತ್ತಿದ್ದೆ. ಕೋಣೆಯಲ್ಲಿ ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ.

‘ಮಲಗಿ ಇನ್ನು’ ಅಂದಳು ಹೆಂಡತಿ. ಯಾವಾಗಲೋ ಈ ಕಡೆ ತಿರುಗಿದ್ದಳು.

‘ನಿಂಗೆ ಹೇಗೆ ಗೊತ್ತಾಯ್ತು?’

‘ಕನ್ನಡಕದಲ್ಲಿ ಎರಡು ಮೊಬೈಲ್ ಕಾಣ್ತಿದೆ.’