ಸಿದ್ದಿ ಜನರ ವಿಷಯದಲ್ಲಿ ನಮ್ಮ ಸಿಟ್ಟೆಲ್ಲಿ?

ಜನಾಂಗೀಯ ನಿಂದನೆಯ ಕುರಿತ ಲೇಖನದಲ್ಲಿ ಲೇಖಕರು, 2021ರ ಸಿಡ್ನಿ ಟೆಸ್ಟ್‌ನಲ್ಲಿ ಭಾರತದ ಬೌಲರ್ ಸಿರಾಜ್ ಅವರನ್ನು ಪ್ರೇಕ್ಷಕರು ನಿಂದಿಸಿದ್ದನ್ನು ನೆನಪಿಸಿದ್ದು ಒಳ್ಳೆಯದಾಯಿತು. ಆಗ ನಮ್ಮ ಶಿರಸಿಯ ಚಹಾದಂಗಡಿಗಳಲ್ಲೂ ಜನ ಕೆಂಡವಾಗಿದ್ದರು. ಕ್ರಿಕೆಟ್ ಆಸ್ಟ್ರೇಲಿಯಾ ಕ್ಷಮೆ ಕೇಳಿದ್ದೂ ಸಾಲದು ಎಂದರು. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ, ಆಫ್ರಿಕಾ ಮೂಲದ ಸಿದ್ದಿ ಜನರ ಮಾತು ಬಂದಾಗ ಆ ಸಿಟ್ಟು ಎಲ್ಲಿ ಹೋಗುತ್ತದೆ?

ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಂಚಿನಲ್ಲಿ ಅವರು ತಲೆಮಾರುಗಳಿಂದ ಬೇಸಾಯ, ಕೂಲಿ ಮಾಡಿಕೊಂಡಿದ್ದಾರೆ. ಬಹುಮಂದಿಯ ಮನೆಮಾತು ಕೊಂಕಣಿ, ಕನ್ನಡವೂ ಸರಾಗ. ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ ಸದಸ್ಯರಾಗಿದ್ದು 2020ರಲ್ಲಿ.

ಇಷ್ಟಾದರೂ ನನ್ನ ಜೊತೆ ಹುಬ್ಬಳ್ಳಿಗೆ ಬಂದಿದ್ದ ಹಳಿಯಾಳದ ಹುಡುಗನಿಗೆ ಲಾಡ್ಜಿನವ ಪಾಸ್‌ಪೋರ್ಟ್ ಕೇಳಿದ. ಹುಡುಗ ಕನ್ನಡದಲ್ಲೇ ಊರಿನ ಹೆಸರು ಹೇಳಿ ಆಧಾರ್ ಕಾರ್ಡ್ ಮುಂದಿಟ್ಟ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಆತ, ನನ್ನ ಕಡೆ ತಿರುಗಿ 'ಸಾರಿ ಸರ್' ಅಂದ. ನನಗ್ಯಾಕೆ? ಅವಮಾನ ಆದದ್ದು ಹುಡುಗನಿಗೆ, ಅವನಿಗೆ ಹೇಳಿ ಅಂದೆ. ಕೀಲಿಕೈ ಮೇಜಿನ ಮೇಲಿಟ್ಟ, ತುಟಿ ಬಿಚ್ಚಲಿಲ್ಲ.

'ಗೊತ್ತಿಲ್ಲದೆ ಆಯ್ತು, ದೊಡ್ಡದು ಮಾಡಬೇಡಿ' ಅನ್ನುವವರಿಗೆ ನನ್ನ ಪ್ರಶ್ನೆ: ಪಕ್ಕದ ಜಿಲ್ಲೆಯವರಿಗೇ ಗೊತ್ತಿಲ್ಲ ಅಂದರೆ ತಪ್ಪು ಯಾರದ್ದು? ಶಾಲೆಯಲ್ಲಿ ಉತ್ತರ ಕನ್ನಡದ ಪರಿಚಯ ಮಾಡಿಸುವಾಗ ಜೋಯಿಡಾದ ಕಾಡು, ಕಾರವಾರದ ಬಂದರಿನ ಜೊತೆಗೆ ಈ ಜನರ ಬಗ್ಗೆಯೂ ಹೇಳಲಿ.